ಬೊಕ್ಕಸದ ದಾನ

ದಾನವನ್ನು ಕುರಿತ ನಮ್ಮ ಧರ್ಮವಿಚಾರವು ಬಹುಮಟ್ಟಿಗೆ ಒಂದು ಸಂಗತಿಯನ್ನು ಪ್ರಶ್ನಿಸದೆಯೇ ಅಂಗೀಕರಿಸಿಕೊಂಡು ಹೊರಡುತ್ತದೆ: ಕೊಡುವವನು ತನ್ನದನ್ನೇ ಕೊಡುತ್ತಾನೆ ಎಂಬುದು ಆ ಸಂಗತಿ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ದೇಶ, ಕಾಲ, ಪಾತ್ರಗಳನ್ನು ನೋಡಿ, ಪ್ರತ್ಯುಪಕಾರವನ್ನು ಬಯಸದೆ ಕೊಟ್ಟದ್ದನ್ನು ಸಾತ್ತ್ವಿಕವೆಂದೂ, ಮನಸ್ಸು ನೊಂದುಕೊಂಡು ಕೊಟ್ಟದ್ದನ್ನು ರಾಜಸವೆಂದೂ ವಿಂಗಡಿಸುವಾಗ ಅದರ ದೃಷ್ಟಿ ನೆಟ್ಟಿರುವುದು ದಾತೃವಿನ ಅಂತಃಕರಣದ ಮೇಲೆ. ಆದರೆ ಕೊಡುವುದು ಒಂದು ನಗರವಾಗಿ, ಕೊಡುವ ಧನವು ಲಕ್ಷಾಂತರ ಜನರ ತೆರಿಗೆಯಾಗಿ, ಪಡೆಯುವವರು ಹಸಿದವರಾಗಿರದೆ ಹಸಿದವರಿಗೆ ಅನ್ನವಿಕ್ಕುವ ಒಂದು ಸಂಘವಾಗಿದ್ದ ಪಕ್ಷದಲ್ಲಿ, ಅಲ್ಲಿ ಅಂತಃಕರಣವೆಂಬುದು ಯಾರದು, ಅಪಾತ್ರದಾನದ ದೋಷ ತಗಲುವುದು ಯಾರಿಗೆ?

ಈ ಪ್ರಶ್ನೆ ನನ್ನನ್ನು ಹಿಡಿದುದು, 2020ರಲ್ಲಿ ಕೋವಿಡ್ ವ್ಯಾಧಿ ಅಮೆರಿಕದ ನಗರಗಳನ್ನು ಹೊಕ್ಕಾಗ ಅಲ್ಲಿಯ ನಗರಾಡಳಿತಗಳು ಸ್ಥಳೀಯ ಸೇವಾಸಂಸ್ಥೆಗಳಿಗೆ ಹಂಚಿದ ತುರ್ತು ಅನುದಾನಗಳ ವೃತ್ತಾಂತವನ್ನು ಓದುತ್ತಿದ್ದಾಗ. ಆ ದೇಶದಲ್ಲಿ ಬಡವರ ಕೈಗೆ ದಿನಸಿಯ ಚೀಲವನ್ನು ಇಡುವ ಕೆಲಸವು ಬಹುಪಾಲು ಇಗರ್ಜಿಯ ನೆಲಮಾಳಿಗೆಯಲ್ಲಿಯೂ ಬಡಾವಣೆಯ ಸಣ್ಣ ಸಂಘಗಳಲ್ಲಿಯೂ ನಡೆಯತಕ್ಕದ್ದು. ಅದನ್ನು ನಡೆಸುವವರಲ್ಲಿ ಅನೇಕರು ವಯಸ್ಸಾದ ಸ್ವಯಂಸೇವಕರು. ಚೀಲ ಬೇಡುವವರ ಸಾಲು ಬೀದಿಯ ತಿರುವನ್ನು ದಾಟಿ ಬೆಳೆದ ವಾರದಲ್ಲಿಯೇ ಆ ವೃದ್ಧರು ಮನೆಯಿಂದ ಹೊರಗೆ ಬಾರದಂತಾಯಿತು, ಧನಸಂಗ್ರಹದ ವಾರ್ಷಿಕ ಭೋಜನಕೂಟಗಳು ನಿಂತುಹೋದವು. ಬೋಸ್ಟನ್ ನಗರದಲ್ಲಿ ಮೇಯರ್ ಮಾರ್ಟಿನ್ ವಾಲ್ಷ್ ಮಾರ್ಚಿಯಲ್ಲಿ ಒಂದು ನಿಧಿಯನ್ನು ತೆರೆದರು. ನಾಗರಿಕರೂ ವ್ಯಾಪಾರಸಂಸ್ಥೆಗಳೂ ಅದಕ್ಕೆ ತುಂಬಿದ ಹಣ 3 ಕೋಟಿ ಡಾಲರುಗಳನ್ನು ಮೀರಿತು. ಮಕ್ಕಳ ಮತ್ತು ಮುದುಕರ ಆಹಾರಕ್ಕೆ, ಮನೆಯಲ್ಲಿ ಕುಳಿತು ಓದಬೇಕಾದ ವಿದ್ಯಾರ್ಥಿಗಳ ಕಂಪ್ಯೂಟರುಗಳಿಗೆ ಅದು ಸಂಸ್ಥೆಗಳ ಮೂಲಕ ಹರಿಯಿತು. ಇದು ಸ್ವೇಚ್ಛೆಯಿಂದ ಕೊಟ್ಟ ಹಣ. ಮತ್ತೊಂದು ಕಡೆ ರಾಷ್ಟ್ರದ ಶಾಸನಸಭೆಯು ಮಾರ್ಚಿ 27ರ ಕಾಯಿದೆಯಿಂದ ರಾಜ್ಯಗಳಿಗೂ ನಗರ ಮೊದಲಾದ ಸ್ಥಳೀಯ ಆಡಳಿತಗಳಿಗೂ 15,000 ಕೋಟಿ ಡಾಲರುಗಳನ್ನು ಮೀಸಲಿಟ್ಟಿತು. ಅದರಿಂದ ನೇರವಾಗಿ ಪಡೆಯಲು ಊರಿನ ಜನಸಂಖ್ಯೆ 5 ಲಕ್ಷವನ್ನು ಮೀರಿರಬೇಕು, ಖರ್ಚು ವ್ಯಾಧಿಯ ಕಾರಣದಿಂದಲೇ ಬಂದುದಾಗಿರಬೇಕು, ಡಿಸೆಂಬರ್ 30ರೊಳಗೆ ಆಗಿಹೋಗಿರಬೇಕು. ಆ ಗಡುವನ್ನು ಒಂದು ವರ್ಷ ಮುಂದಕ್ಕೆ ಹಾಕಿದ ಕಾಯಿದೆಗೆ ಸಹಿ ಬಿದ್ದುದು ಡಿಸೆಂಬರ್ 27ರಂದು. ಮೂರು ದಿನ ಉಳಿದಿದ್ದಾಗ ಬಂದ ಈ ಔದಾರ್ಯವನ್ನು ಸಾತ್ತ್ವಿಕವೆನ್ನಬೇಕೋ ರಾಜಸವೆನ್ನಬೇಕೋ ನಾನರಿಯೆ. ಗಡುವಿಗೆ ಹೆದರಿ ಅವಸರದಿಂದ ಹಂಚಿಬಿಟ್ಟಿದ್ದವರು ನಿಟ್ಟುಸಿರು ಬಿಟ್ಟಿರಬೇಕು.

ದಾನದಲ್ಲಿ ಪ್ರಮಾದಗಳು ಎರಡು ಬಗೆ. ಅರ್ಹನಲ್ಲದವನಿಗೆ ಕೊಡುವುದು ಒಂದು, ಅರ್ಹನಾದವನನ್ನು ಬರಿಗೈಯಲ್ಲಿ ಕಳುಹಿಸುವುದು ಮತ್ತೊಂದು. ಒಂದನ್ನು ತಡೆಯಲು ಬಾಗಿಲನ್ನು ಬಿಗಿಮಾಡಿದಷ್ಟೂ ಇನ್ನೊಂದು ಹೆಚ್ಚುತ್ತದೆ. ತನ್ನ ಹಣವನ್ನು ಕೊಡುವ ಗೃಹಸ್ಥನು ಮೊದಲನೆಯ ಪ್ರಮಾದವನ್ನು ನಕ್ಕು ಕ್ಷಮಿಸಬಲ್ಲನು; ಮೋಸಹೋದುದು ಅವನ ಸ್ವತ್ತು, ಕ್ಷಮೆಯೂ ಅವನ ಸ್ವತ್ತು. ನಗರದ ಅಧಿಕಾರಿಗೆ ಆ ಸ್ವಾತಂತ್ರ್ಯವಿಲ್ಲ, ಏಕೆಂದರೆ ಪರರ ಹಣದಲ್ಲಿ ಉದಾರಿಯಾಗುವುದು ಸುಲಭವಾದದ್ದು ಮಾತ್ರವಲ್ಲದೆ ಸಂದೇಹಾಸ್ಪದವಾದದ್ದೂ ಹೌದು. ಆದಕಾರಣ ಆತನು ಎರಡನೆಯ ಪ್ರಮಾದದ ಕಡೆಗೆ ವಾಲುತ್ತಾನೆ. ಅದಕ್ಕೆ ಲೆಕ್ಕಪರಿಶೋಧಕರ ಆಕ್ಷೇಪಣೆ ಬಾರದು. ಬರಿಗೈಯಲ್ಲಿ ಹೋದವನ ಹೆಸರು ಯಾವ ಪುಸ್ತಕದಲ್ಲಿಯೂ ದಾಖಲಾಗಿರುವುದಿಲ್ಲವಷ್ಟೆ.

ಈ ತೊಡಕನ್ನು ಕೂಲಂಕಷವಾಗಿ ಯೋಚಿಸಿದವರು ಯೆಹೂದ್ಯ ಧರ್ಮಶಾಸ್ತ್ರಕಾರರೆಂದು ನನಗೆ ತೋರುತ್ತದೆ, ಏಕೆಂದರೆ ಅವರಲ್ಲಿ ದಾನವು ಪುರಾತನಕಾಲದಿಂದಲೂ ಊರಿನ ವ್ಯವಹಾರ. ಊರಿಗೊಂದು ವಾರದ ನಿಧಿ, ಪ್ರತಿದಿನದ ಒಂದು ಅನ್ನದ ಪಾತ್ರೆ; ಹನ್ನೆರಡನೆಯ ಶತಮಾನದ ಮೈಮೊನಿಡೀಸ್ ತನ್ನ ಮಿಷ್ನೆ ತೋರಾದಲ್ಲಿ, ಇಂಥ ನಿಧಿಯಿಲ್ಲದ ಯೆಹೂದ್ಯರ ಊರನ್ನು ತಾನು ಕಂಡುದಿಲ್ಲ ಕೇಳಿದುದಿಲ್ಲ ಎಂಬ ಅಭಿಪ್ರಾಯವನ್ನು ಬರೆದಿಟ್ಟಿದ್ದಾನೆ. ತಾಲ್ಮುಡ್ ಎಂಬ ಅವರ ಪ್ರಾಚೀನ ಧರ್ಮಗ್ರಂಥದ ವಿಧಿಯಂತೆ ನಿಧಿಯನ್ನು ಎತ್ತುವವರು ಇಬ್ಬರಿರಬೇಕು. ಹಂಚುವವರು, ವ್ಯಾಜ್ಯ ತೀರಿಸುವ ನ್ಯಾಯಪೀಠದಂತೆ, ಮೂವರಿರಬೇಕು. ಹಂಚಲು ಬಡವರಿಲ್ಲದ ದಿನ ನಿಧಿಯ ಚಿಲ್ಲರೆಯನ್ನು ಬದಲಾಯಿಸಬೇಕಾಗಿ ಬಂದರೆ ಅನ್ಯರೊಡನೆ ಬದಲಾಯಿಸತಕ್ಕದ್ದು, ತನ್ನ ಸ್ವಂತ ಚೀಲದೊಡನೆ ಕೂಡದು. ಇಷ್ಟು ಬಿಗಿಯನ್ನು ವಿಧಿಸಿದ ಅದೇ ತಾಲ್ಮುಡ್ ಗ್ರಂಥವು, ಹೀಗೆ ನಿಯಮಿತರಾದವರಿಂದ ಬಿಡಿಬಿಡಿಯಾದ ಲೆಕ್ಕವನ್ನು ಕೇಳತಕ್ಕದ್ದಲ್ಲವೆಂದೂ ಹೇಳಿತು; ಆಧಾರವಾಗಿ ಹಿಡಿದುದು, ಅರಸನಾದ ಯೋವಾಷನ ಕಾಲದಲ್ಲಿ ದೇವಾಲಯದ ಜೀರ್ಣೋದ್ಧಾರಕ್ಕೆಂದು ಹಣ ಪಡೆದವರಿಂದ, ಅವರು ನಂಬಿಗಸ್ತರಾಗಿದ್ದುದರಿಂದ, ಲೆಕ್ಕ ತೆಗೆದುಕೊಳ್ಳಲಿಲ್ಲವೆಂಬ ಬೈಬಲಿನ ವೃತ್ತಾಂತವನ್ನು. ಪಾತ್ರತೆಯ ವಿಚಾರಣೆಯನ್ನು ಕುರಿತು ಅಲ್ಲಿ ಇಬ್ಬರು ಆಚಾರ್ಯರಿಗೆ ವಾದವೇ ನಡೆದಿದೆ. ಬಟ್ಟೆ ಬೇಡುವವನು ಮಾನಕ್ಕೆ ಅಂಜಿ ನಿಂತವನು, ಅವನನ್ನು ವಿಚಾರಿಸಬಾರದೆಂದು ಹೂನಾ ಎಂಬವನ ಮತ. ಅನ್ನ ಬೇಡುವವನು ಪ್ರಾಣಸಂಕಟದಲ್ಲಿರುವವನು, ವಿಚಾರಣೆ ಬಟ್ಟೆಯವನಿಗಿರಲಿ ಎಂದು ಯೆಹೂದನ ಮತ. ಎರಡನೆಯದೇ ವಿಧಿಯಾಗಿ ನಿಂತಿತು. ಅಪರಿಚಿತನು ಹಸಿವೆನ್ನುತ್ತಲೇ ವಂಚಕನೋ ಅಲ್ಲವೋ ಎಂದು ನೋಡದೆ ಬಡಿಸಬೇಕು. ಇಲ್ಲಿ ನನ್ನ ಮನಸ್ಸನ್ನು ಸೆಳೆದುದು ಕರುಣೆಗಿಂತಲೂ ಹೆಚ್ಚಾಗಿ ಅದರ ನ್ಯಾಯಬುದ್ಧಿ: ಮೋಸಹೋಗುವ ಅಧಿಕಾರವನ್ನು ಊರು ತನ್ನ ಹಂಚುಗಾರರಿಗೆ ಮುಂಗಡವಾಗಿಯೇ, ವಿಧಿಪೂರ್ವಕವಾಗಿ ಕೊಟ್ಟಿರುತ್ತದೆ. ಅಧಿಕಾರಿ ಕ್ಷಮಿಸಲಾರದ್ದನ್ನು ಹಣದ ಒಡೆಯರಾದ ಜನರು ಮೊದಲೇ ಕ್ಷಮಿಸಿಟ್ಟಿದ್ದಾರೆ.

ಈಗ ಅಮೆರಿಕದ ನಗರಾಡಳಿತದ ಅರ್ಜಿಯ ನಮೂನೆಯ ಕಡೆಗೆ ತಿರುಗೋಣ. ತೆರಿಗೆಯ ಕಾಯಿದೆಯ 501(ಸಿ)(3)ನೆಯ ವಿಧಿಯ ಮೇರೆಗೆ ಧರ್ಮಾರ್ಥ ಸಂಸ್ಥೆಯೆಂಬ ಮನ್ನಣೆ ದೊರೆತಿರುವ ಪತ್ರದ ನಕಲು, ತೆರಿಗೆಯ ಇಲಾಖೆಗೆ ಒಪ್ಪಿಸಿದ ಹಿಂದಿನ ವರ್ಷದ ಲೆಕ್ಕಪತ್ರವಾದ 990ನೆಯ ನಮೂನೆ, ಆಡಳಿತ ಮಂಡಲಿಯ ಸದಸ್ಯರ ಪಟ್ಟಿ, ವಿಮೆಯ ಪ್ರಮಾಣಪತ್ರ, ಕೇಳಿದ ಹಣದ ಆಯವ್ಯಯ ಅಂದಾಜು, ಎಷ್ಟು ಮನೆಗಳಿಗೆ ಸೇವೆ ಸಲ್ಲುವುದೆಂಬ ಅಂಕಿ. ಎಷ್ಟೋ ಕಡೆ ಹಣ ಬರುವುದು ಖರ್ಚಾದಮೇಲೆ: ಮೊದಲು ಅಕ್ಕಿ ಕೊಂಡು, ರಸೀದಿಗಳನ್ನು ಒಪ್ಪಿಸಿ, ಅನಂತರ ಕಾಯಬೇಕು, ಅಕ್ಕಿ ಕೊಳ್ಳುವುದಕ್ಕೆ ಹಣವಿದ್ದಿದ್ದರೆ ಅರ್ಜಿಯೇ ಬೇಕಿರಲಿಲ್ಲವಲ್ಲ ಎಂದು ಕೇಳುವ ಅಂಕಣ ಆ ನಮೂನೆಯಲ್ಲಿರುವುದಿಲ್ಲ. ಇವುಗಳಲ್ಲಿ ಒಂದೊಂದೂ ಬಿಡಿಯಾಗಿ ನೋಡಿದರೆ ಸಕಾರಣವಾದುದೇ. ಒಟ್ಟಿನಲ್ಲಿ ಆಗುವುದೇನೆಂದರೆ, ಪಾತ್ರತೆಯ ಪರೀಕ್ಷೆಯು ಬರವಣಿಗೆಯ ಪರೀಕ್ಷೆಯಾಗಿ ಮಾರ್ಪಡುತ್ತದೆ. ಅನುದಾನದ ಅರ್ಜಿ ಬರೆಯುವುದನ್ನೇ ವೃತ್ತಿಯಾಗಿ ಉಳ್ಳ ಗುಮಾಸ್ತರಿರುವ ದೊಡ್ಡ ಸಂಸ್ಥೆ ಒಂದು ಮಧ್ಯಾಹ್ನದಲ್ಲಿ ಮುಗಿಸುವ ಕೆಲಸವು, ಮೂರು ಭಾಷೆಗಳಲ್ಲಿ ಬಡಾವಣೆಯ ಕಷ್ಟವನ್ನು ಕೇಳಬಲ್ಲ, ಆದರೆ ಆಯವ್ಯಯದ ಇಂಗ್ಲಿಷನ್ನರಿಯದ ಒಬ್ಬ ಹೆಂಗಸಿಗೆ ಒಂದು ವಾರದ ರಾತ್ರಿಗಳನ್ನು ನುಂಗುತ್ತದೆ. ಗೀತೆಯ ದೇಶಕಾಲಗಳು ಇಲ್ಲಿ ಗಡುವು ಮತ್ತು ನಗರದ ಎಲ್ಲೆಗಳಾಗಿ ಉಳಿದುಕೊಂಡವು. ಪಾತ್ರವೊಂದು ಕಾಗದದೊಳಕ್ಕೆ ಸೇರಿಹೋಯಿತು.

ಇಗರ್ಜಿಗೆ ಸರ್ಕಾರದ ಹಣ ಸಲ್ಲಬಹುದೆ ಎಂಬ ಹಳೆಯ ತಕರಾರೂ ಅಲ್ಲಿ ಉಂಟು. 2017ರಲ್ಲಿ ಮಿಸೂರಿ ರಾಜ್ಯದ ಒಂದು ಲೂಥರನ್ ಇಗರ್ಜಿಯ ಶಿಶುವಿಹಾರವು ಆಟದ ಬಯಲಿಗೆ ಹಳೆಯ ಟಯರುಗಳ ರಬ್ಬರನ್ನು ಹಾಸಲು ಅನುದಾನ ಕೇಳಿದ ಪ್ರಕರಣ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ನಲವತ್ತನಾಲ್ಕು ಅರ್ಜಿಗಳಲ್ಲಿ ಐದನೆಯ ಸ್ಥಾನ ಪಡೆದಿದ್ದರೂ, ಹದಿನಾಲ್ಕು ಮಂದಿಗೆ ಕೊಟ್ಟ ರಾಜ್ಯವು ಇಗರ್ಜಿಯೆಂಬ ಒಂದೇ ಕಾರಣಕ್ಕೆ ಅದನ್ನು ಬಿಟ್ಟಿತ್ತು. ಹಾಗೆ ಬಿಡುವುದು ಸಲ್ಲದೆಂದು ಏಳು ಮಂದಿ ನ್ಯಾಯಮೂರ್ತಿಗಳು ಹೇಳಿದರು, ಇಬ್ಬರು ಒಪ್ಪಲಿಲ್ಲ. ಮಗು ಬಿದ್ದರೆ ಮೊಣಕಾಲು ತರಚುವುದಕ್ಕೆ ಮತಭೇದವಿಲ್ಲವೆಂಬುದು ನನ್ನ ಪಕ್ಷ, ಭಿನ್ನಮತದವರ ಆತಂಕವೂ ಹುರುಳಿಲ್ಲದ್ದಲ್ಲ.

ಇದಕ್ಕಿಂತ ಗಹನವಾದುದು, ಹಂಚುವವನ ಹೊಟ್ಟೆಯ ಪ್ರಶ್ನೆ. ದಾನಿಗಳಿಗೆ ಚೀಲದೊಳಗಿನ ಅಕ್ಕಿ ಪ್ರಿಯ, ಚೀಲ ಹೊರುವವನ ಸಂಬಳ, ಕೊಠಡಿಯ ಬಾಡಿಗೆ, ವಿದ್ಯುತ್ತಿನ ಬಿಲ್ಲು ಅಪ್ರಿಯ. ಕುರಾನಿನ ಒಂಬತ್ತನೆಯ ಅಧ್ಯಾಯದ ಅರವತ್ತನೆಯ ವಾಕ್ಯವು ಕಡ್ಡಾಯ ದಾನದ ಹಣ ಸಲ್ಲತಕ್ಕ ಎಂಟು ವರ್ಗಗಳನ್ನು ಎಣಿಸುವಾಗ, ದರಿದ್ರರು, ಸಾಲಗಾರರು, ದಾರಿಹೋಕರು ಮೊದಲಾದವರ ಜೊತೆಯಲ್ಲಿ, ಆ ಹಣವನ್ನು ಸಂಗ್ರಹಿಸಲು ನೇಮಕವಾದವರನ್ನೂ ಸಂಕೋಚವಿಲ್ಲದೆ ಸೇರಿಸಿದೆ. ಅಮೆರಿಕದ ರಾಷ್ಟ್ರೀಯ ಅನುದಾನದ ನಿಯಮಗಳು, ಬೇರೆ ದರವನ್ನು ಗೊತ್ತುಮಾಡಿಕೊಳ್ಳದ ಸಂಸ್ಥೆಗೆ ಇಂಥ ಪರೋಕ್ಷ ವೆಚ್ಚಕ್ಕೆಂದು ಆ ವ್ಯಾಧಿಯ ವರ್ಷಗಳಲ್ಲಿ ಅನುಮತಿಸುತ್ತಿದ್ದುದು ನೂರಕ್ಕೆ 10. ಅದು 15ಕ್ಕೆ ಏರಿದುದು 2024ರಲ್ಲಿ.

ಕಾಗದವಿಲ್ಲದವರು ಒಂದು ಉಪಾಯವನ್ನು ಕಂಡುಕೊಂಡಿದ್ದರು. ನೋಂದಣಿಯೇ ಇಲ್ಲದ ನೆರೆಹೊರೆಯ ಸಹಾಯದ ಗುಂಪುಗಳ ಪರವಾಗಿ ಹಳೆಯದೊಂದು ಸಂಸ್ಥೆ ತನ್ನ ಹೆಸರಿನಲ್ಲಿಯೇ ಅನುದಾನವನ್ನು ಪಡೆದು, ಲೆಕ್ಕಕ್ಕೆ ತಾನೇ ಹೊಣೆಯಾಗಿ, ಹಣವನ್ನು ಅವರಿಗೆ ದಾಟಿಸುವ ಪದ್ಧತಿ ಅಲ್ಲಿ ಬಹುಕಾಲದಿಂದ ಇದೆ. ಗುರುತಿಲ್ಲದವನಿಗೆ ಗುರುತಿರುವವನು ಜಾಮೀನು ನಿಲ್ಲುವ ಈ ಕ್ರಮದಲ್ಲಿ, ನಗರವು ತಾನು ಹೊರಲಾರದ ಅಪಾಯವನ್ನು ನೆರೆಯವನೊಬ್ಬನು ಹೊರುತ್ತಾನೆ. ಆ ಬಡಾವಣೆಯ ಹೆಂಗಸು ನಂಬಿಕೆಗೆ ಯೋಗ್ಯಳೆಂಬುದನ್ನು ಅವನು 990ನೆಯ ನಮೂನೆಯಿಂದ ಅರಿತುದಲ್ಲ, ನೋಡಿ ಅರಿತದ್ದು. ಈ ಹೊಣೆಗೆ ನೂರಕ್ಕೆ ಇಷ್ಟೆಂದು ಶುಲ್ಕವನ್ನು ಹಿಡಿದುಕೊಳ್ಳುವುದೂ ವಾಡಿಕೆಯೇ. ಜಾಮೀನಿಗೆ ನಿಂತವನು ಕೂಲಿ ಪಡೆಯಬಹುದೆ ಎಂದು ಮೂಗು ಮುರಿಯುವವರುಂಟು. ಸಂಗ್ರಹಕಾರರಿಗೂ ಪಾಲಿಟ್ಟ ಆ ಎಂಟು ವರ್ಗಗಳ ಪಟ್ಟಿಯನ್ನು ಅವರು ಒಮ್ಮೆ ಓದಿ ಬರಲಿ, ಆಮೇಲೆ ವಾದಿಸೋಣ.