ಮಗುವಿನ ಅಭಿಪ್ರಾಯ

ಕಠೋಪನಿಷತ್ತಿನ ಆರಂಭದಲ್ಲಿ ಬಾಲಕನೊಬ್ಬನು ತಂದೆಯ ದಾನವನ್ನು ನೋಡುತ್ತ ನಿಂತಿದ್ದಾನೆ. ವಾಜಶ್ರವಸನು ಯಜ್ಞದಲ್ಲಿ ತನ್ನ ಸರ್ವಸ್ವವನ್ನೂ ಕೊಡುತ್ತಿರುವಾಗ, ಮಗನಾದ ನಚಿಕೇತನ ಕಣ್ಣಿಗೆ ಬಿದ್ದುವು ಮೇವು ನೀರುಗಳ ಋಣ ತೀರಿದ ಮುದಿ ಹಸುಗಳು. ಇಂತಹವನ್ನು ಕೊಟ್ಟವನಿಗೆ ಸದ್ಗತಿಯಿಲ್ಲವೆಂದು ಅವನಿಗೆ ತೋರಿತು. ಅದನ್ನು ನೇರವಾಗಿ ಹೇಳಲಾರದೆ, ತನ್ನನ್ನು ಯಾರಿಗೆ ಕೊಡುವೆಯೆಂದು ಮೂರು ಸಲ ಕೇಳಿದನು. ತಂದೆ ಸಿಟ್ಟಿನಿಂದ, ಮೃತ್ಯುವಿಗೆ ಕೊಟ್ಟೆನೆಂದುಬಿಟ್ಟನು.

ಮುಂದೆ ಯಮನೊಡನೆ ನಡೆಯುವ ಸಂವಾದದ ಘನತೆಯಿಂದಾಗಿ ಓದುಗರು ಈ ಮನೆಯ ಮಾತನ್ನು ಬೇಗನೆ ದಾಟಿಬಿಡುವುದುಂಟು. ಮಕ್ಕಳ ಶಿಕ್ಷಣವನ್ನು ಕುರಿತು ಯೋಚಿಸುವವರಿಗೆ ತೊಡಕಿರುವುದು ಇಲ್ಲಿಯೇ. ಮಗುವಿಗೆ ಅಭಿಪ್ರಾಯವುಂಟು, ಹೇಳುವ ಭಾಷೆ ಸಾಲದು, ಹೇಳಿದರೆ ಹಿರಿಯರಿಗೆ ಸಹನೆಯಿಲ್ಲ.

ಇಂದಿನ ಶಿಶುಶಾಲೆಗಳಲ್ಲಿ ಮಕ್ಕಳಿಂದ ಚಿತ್ರ ಬರೆಯಿಸಿ, ಅದರ ಕೆಳಗೆ ಒಂದೆರಡು ಸರಳ ವಾಕ್ಯಗಳನ್ನು ಕೂಡಿಸಿ, ತಮಗೆ ತೋರಿದುದನ್ನು ಪ್ರಕಟಿಸುವ ಅಭ್ಯಾಸ ಮಾಡಿಸುವುದುಂಟು. ಚಿತ್ರ ಮೊದಲು, ಮಾತು ಆಮೇಲೆ ಎಂಬ ಈ ಕ್ರಮ ಸಹಜವಾದುದು. ಐದು ವರ್ಷದ ಮಗು ಅಜ್ಜಿಯನ್ನು ಮನೆಗಿಂತ ಎತ್ತರವಾಗಿ ಬರೆಯುತ್ತದೆ. ದೊಡ್ಡವರ ಕಣ್ಣಿಗೆ ಇದು ಅಳತೆಯ ತಪ್ಪು. ಅನೇಕ ವೇಳೆ ಅದೇ ಮಗುವಿನ ತೀರ್ಪು. ಬರಿಯ ಕೈತಪ್ಪೂ ಆಗಿರಬಹುದು. ಮಕ್ಕಳ ಒಂದೊಂದು ಗೆರೆಯಲ್ಲಿಯೂ ಗೂಢಾರ್ಥವನ್ನು ಹುಡುಕುವ ಪಂಡಿತರು ಇದನ್ನು ಮರೆಯಲಾಗದು. ಯಾವುದೆಂದು ತಿಳಿಯಲು ಮಗುವನ್ನೇ ಕೇಳುವುದು ಲೇಸು. "ಅಜ್ಜಿ ದೊಡ್ಡವಳು, ಏಕೆಂದರೆ ಎಲ್ಲರಿಗೂ ಅವಳೇ ಬಡಿಸುತ್ತಾಳೆ" ಎಂದು ಅದು ಹೇಳಿತೆನ್ನಿ. ಬೇಕು, ಬೇಡ ಎಂಬುದು ಹಸುಳೆಗೂ ಗೊತ್ತು. ಈ 'ಏಕೆಂದರೆ' ಎಂಬ ಒಂದು ಪದ ಕೂಡಿದೊಡನೆ ಇಚ್ಛೆಯು ಅಭಿಪ್ರಾಯವಾಗುತ್ತದೆ. ಇನ್ನೊಬ್ಬರು ಅದನ್ನು ಒಪ್ಪುವುದಕ್ಕೂ ಅಲ್ಲಗಳೆಯುವುದಕ್ಕೂ ಎಡೆಯಾಗುತ್ತದೆ.

ದಕ್ಷಿಣ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಉಪಾಧ್ಯಾಯನಾಗಿದ್ದ ಸೆಲೆಸ್ತಾಂ ಫ್ರೆನೆ ಎಂಬಾತನು 1920ರ ದಶಕದಲ್ಲಿ ತರಗತಿಯೊಳಕ್ಕೆ ಒಂದು ಚಿಕ್ಕ ಅಚ್ಚಿನ ಯಂತ್ರವನ್ನು ತಂದನು. ಮಕ್ಕಳು ತಾವು ಕಂಡುದನ್ನು ತಮ್ಮ ಮಾತಿನಲ್ಲಿ ಬರೆದು, ಎಲ್ಲರೂ ಕೂಡಿ ತಿದ್ದಿ, ತಾವೇ ಮೊಳೆ ಜೋಡಿಸಿ ಅಚ್ಚುಹಾಕಿ, ದೂರದ ಶಾಲೆಯ ಮಕ್ಕಳಿಗೆ ಕಳುಹಿಸುತ್ತಿದ್ದರು. ಓದುವವನೊಬ್ಬನು ನಿಜವಾಗಿ ಇದ್ದಾನೆಂದು ತಿಳಿದಾಗ ಮಗು ತನ್ನ ವಾಕ್ಯಕ್ಕೆ ತಾನೇ ಹೊಣೆಯಾಗುತ್ತದೆ.

ಆದರೆ ಹೊಣೆಯು ಕೇಳಿದವರಿಗೂ ಉಂಟಲ್ಲವೆ? "ನನಗೆ ಶಾಲೆ ಬೇಡ, ಏಕೆಂದರೆ ಮೇಷ್ಟರು ಕೂಗುತ್ತಾರೆ" ಎಂದು ಮಗು ಬರೆದರೆ, ಅದನ್ನು ಅಳಿಸಿ "ನನ್ನ ಶಾಲೆ ಸುಂದರವಾಗಿದೆ" ಎಂದು ಬರೆಯಿಸುವವರು ವಿರಳವಲ್ಲ. ಮಗು ಹಾಗೆಯೇ ಬರೆಯುತ್ತದೆ, ಅಕ್ಷರವೂ ದುಂಡಾಗಿರುತ್ತದೆ. ಅಂದು ಅದು ಕಲಿತದ್ದು ವಾಕ್ಯರಚನೆಯಲ್ಲ, ಮುಖಸ್ತುತಿ. ಮನೆಯ ಗುಟ್ಟೊಂದು ಮೂಡಿರುವ ಚಿತ್ರವನ್ನು ನೆಂಟರ ಮುಂದೆ ಹಿಡಿದು ನಗುವುದು ಇದಕ್ಕಿಂತಲೂ ಕೆಟ್ಟದ್ದು. ನಂಬಿ ಕೊಟ್ಟುದನ್ನು ಬೀದಿಗೆ ಹಾಕಿದಂತೆ.

ಮಕ್ಕಳ ಮಾತಿನಂತೆಯೇ ಮನೆ ನಡೆಯಬೇಕೆ ಎಂದು ಕೆಲವರು ಆಕ್ಷೇಪಿಸುವರು. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿ, ಭಾರತವು 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಹಾಗೆ ಹೇಳುವುದಿಲ್ಲ. ವಯಸ್ಸಿಗೂ ಪಕ್ವತೆಗೂ ತಕ್ಕ ಬೆಲೆ ಕೊಡಬೇಕೆನ್ನುತ್ತದೆ. ಕಹಿಯಾದ ಔಷಧವನ್ನು ಒಲ್ಲೆನೆಂದ ಮಗುವಿಗೆ ಔಷಧ ಕೊಡಲೇಬೇಕು. ಆದರೆ ಅದು ತನ್ನ 'ಏಕೆಂದರೆ'ಯನ್ನು ಹೇಳಿದ ಮೇಲೆ ಹಿರಿಯರೂ ತಮ್ಮದನ್ನು ಹೇಳಬೇಡವೆ? ಬಾಯಿಮುಚ್ಚೆಂಬುದು ಕಾರಣವಲ್ಲ. ವಾಜಶ್ರವಸನಿಗೂ ಕಾರಣವಿದ್ದಿರಬಹುದು, ಅವನು ಹೇಳಲಿಲ್ಲ.

ಯಮನು ಕೊಟ್ಟ ಮೂರು ವರಗಳಲ್ಲಿ ಮೊದಲನೆಯದನ್ನು ನಚಿಕೇತನು ತಂದೆಯನ್ನು ಕುರಿತೇ ಬೇಡಿದನು: ಆತನ ಸಿಟ್ಟು ಇಳಿಯಲಿ, ತಾನು ಹಿಂದಿರುಗಿದಾಗ ಗುರುತುಹಿಡಿದು ಮಾತನಾಡಿಸಲಿ.