ಹಿತ್ತಿಲ ಟೊಮೆಟೊ ಮತ್ತು ಶ್ರಾವಕನ ಅಹಿಂಸೆ

ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಧ್ಯಾನಸ್ಥ ಬಾಹುಬಲಿಯ ಕಾಲುಗಳನ್ನು ಬಳ್ಳಿ ಸುತ್ತಿದೆ. ಅದನ್ನು ಆ ತಪಸ್ವಿ ನೆಟ್ಟವನಲ್ಲ, ಕಿತ್ತವನೂ ಅಲ್ಲ. ಇಳಕಲ್ಲಿನ ಹಿತ್ತಿಲಲ್ಲಿ ಟೊಮೆಟೊ ಬೆಳೆಯುವ ನನ್ನಂಥ ಗೃಹಸ್ಥನಿಗೆ ಆ ನಿಶ್ಚಿಂತೆಯಿಲ್ಲ.

ಬೇಸಿಗೆಯಲ್ಲಿ ಎಲೆಗಳು ಮುದುಡಿ, ಗಿಡ ಕುಬ್ಜವಾಗಿ, ಕಾಯಿ ಕಚ್ಚದಂತಾಗುವುದು ಮುಟುರು ರೋಗ. ಅದರ ವೈರಸ್ಸನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಬಿಳಿನೊಣ. ಔಷಧ ಸಿಂಪಡಿಸಿದರೆ ನೊಣ ಸಾಯುತ್ತದೆ. ರೋಗ ತಗುಲಿದ ಗಿಡವಂತೂ ಗುಣವಾಗದು. ಆರಂಭೀ ಹಿಂಸೆ ಗೃಹಸ್ಥನಿಗೆ ಅನಿವಾರ್ಯವೆಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಆದರೆ ನಾಲ್ಕು ಹಣ್ಣಿಗಾಗಿ, ಕೊಲ್ಲಲೆಂದೇ ಪಂಪು ಎತ್ತಿದ ಕೈಯಲ್ಲಿ ಸಂಕಲ್ಪವಿರಲಿಲ್ಲವೆಂದು ಹೇಗೆ ಹೇಳುವುದು? ನಾನೂ ಒಂದು ವರ್ಷ ಎತ್ತಿದವನೇ. ಹಣ್ಣು ಸಂತೆಯಲ್ಲಿಯೂ ಸಿಗುತ್ತದೆ ನಿಜ. ಅದಕ್ಕೆ ಬೇರೆಯವರು ಸಿಂಪಡಿಸಿರುತ್ತಾರೆ, ಅಷ್ಟೇ. ಕೃತ, ಕಾರಿತ, ಅನುಮತಗಳ ಲೆಕ್ಕದಿಂದ ಚೀಲ ಹಿಡಿದವನೂ ಪಾರಾಗಲಾರ.

ಈಗ ಸಸಿಮಡಿಗೆ ಸಣ್ಣ ಕಣ್ಣಿನ ನೈಲಾನ್ ಪರದೆ ಕಟ್ಟುತ್ತೇನೆ. ನೊಣ ಹೊರಗೇ ಉಳಿಯುತ್ತದೆ. ನಾಟಿಯಾದ ಮೇಲೆ ಮುದುಡಿದ ಗಿಡವನ್ನು ಕೀಳುತ್ತೇನೆ. ಗಿಡ ಏಕೇಂದ್ರಿಯ, ನೊಣ ಚತುರಿಂದ್ರಿಯ, ಅಲ್ಪಹಿಂಸೆಯನ್ನು ಆರಿಸಿದೆನೆಂದುಕೊಂಡಿದ್ದೆ. ಆದರೆ ಕಿತ್ತೊಡನೆ ಎದ್ದ ನೊಣಗಳು ನೆರೆಮನೆಯ ಗಿಡಗಳಿಗೆ ಹಾರಿದವು. ಅವರು ಸಿಂಪಡಿಸುವರೆಂದು ಬಲ್ಲೆ. ಮಿಕ್ಕ ಪರದೆಯನ್ನು ಅವರಿಗೆ ಕೊಟ್ಟು ಬಂದಿದ್ದೇನೆ.