ರಚ್ಚೆ ಹಿಡಿದ ಮಗು ಮತ್ತು ಹಿರಿಯರ ಅಹಿಂಸೆ

ಬಸದಿಯಲ್ಲಿ ಅಭಿಷೇಕ ನಡೆಯುತ್ತಿದೆ. ಹೊತ್ತು ಹನ್ನೊಂದು ಗಂಟೆ ದಾಟಿದೆ. ತಾಯಿಯ ಮಡಿಲಲ್ಲಿ ಕುಳಿತ ಎರಡೂವರೆ ವರ್ಷದ ಮಗು ಮುಂದಿರಿಸಿದ ಕಲಶಕ್ಕೆ ಕೈ ಚಾಚುತ್ತದೆ. ತಾಯಿ ಆ ಕೈಯನ್ನು ಹಿಂದಕ್ಕೆ ಸರಿಸುತ್ತಾಳೆ. ಮರುಕ್ಷಣವೇ ಮಗು ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ನೆಲಕ್ಕೆ ಜಾರಿ, ಕೈಕಾಲು ಬಡಿದು ಚೀರತೊಡಗುತ್ತದೆ. ನಾಲ್ಕಾರು ತಲೆಗಳು ಇತ್ತ ಹೊರಳುತ್ತವೆ. ತಾಯಿ ಮುಖ ಕೆಂಪಾಗಿಸಿಕೊಂಡು ಮಗುವನ್ನೆತ್ತಿ ಹೊರಗೆ ನಡೆಯುತ್ತಾಳೆ. ಕಂಬದ ಮರೆಯಲ್ಲಿ ಅದರ ತೊಡೆಯ ಮೇಲೆ ಎರಡು ಪೆಟ್ಟು ಬೀಳುತ್ತವೆ. ಅದೇ ತಾಯಿ ಬೆಳಿಗ್ಗೆ ನೀರನ್ನು ಸೋಸಿಯೇ ಒಲೆಯ ಮೇಲಿಟ್ಟವಳು. ಅಂಗಳದ ಇರುವೆಯ ಸಾಲನ್ನು ತುಳಿಯದಂತೆ ನೋಡಿ ಹೆಜ್ಜೆಯಿಟ್ಟವಳು.

ಕಣ್ಣಿಗೆ ಕಾಣದ ಜೀವಿಯ ವಿಷಯದಲ್ಲಿಯೂ ಎಚ್ಚರ ವಹಿಸುವ ಮನೆಯಲ್ಲಿ ಕಣ್ಣೆದುರಿನ ಶಿಶುವಿನ ಮೇಲೆ ಕೈ ಏಳುವುದು ಹೇಗೆ? ಅದು ಹಿಂಸೆಯೋ, ಶಿಕ್ಷಣವೋ? ತಾಯಿಯೊಬ್ಬಳನ್ನು ದೂಷಿಸಿ ಈ ಪ್ರಶ್ನೆಯಿಂದ ಪಾರಾಗಲು ಬಾರದು. ಹಿಂಸೆಗೆ ಕೃತ, ಕಾರಿತ, ಅನುಮೋದಿತ ಎಂಬ ಮೂರು ದಾರಿಗಳುಂಟೆಂಬುದನ್ನು ಶ್ರಾವಕರು ಬಲ್ಲರು. ಪೆಟ್ಟು ಕೊಟ್ಟದ್ದು ಒಂದೇ ಕೈಯಾದರೂ, ಹುಬ್ಬು ಗಂಟಿಕ್ಕಿ ಹೊರಳಿದ ಮುಖಗಳು ಅದನ್ನು ಮಾಡಿಸಿದವು. ಸರಿಯಾಗಿಯೇ ಆಯಿತೆಂದುಕೊಂಡ ಮನಸ್ಸುಗಳು ಅನುಮೋದಿಸಿದವು. ಮನೆಯಲ್ಲಿ ಅದೇ ಕೆಲಸವನ್ನು ತಂದೆಯ ಗದರಿಕೆಯೂ ಅಜ್ಜಿಯ ಕೊಂಕುನುಡಿಯೂ ಮಾಡುತ್ತವೆ.

ಮೊದಲು ಆ ಚೀರಾಟದ ಸ್ವರೂಪವನ್ನು ಅರಿಯಬೇಕು. ಕನ್ನಡದಲ್ಲಿ ಇದಕ್ಕೆ ರಚ್ಚೆ ಹಿಡಿಯುವುದು, ರಂಪ ಮಾಡುವುದು, ಹಟ ಮಾಡುವುದು ಎಂಬ ಮಾತುಗಳಿವೆ. ಇವುಗಳಲ್ಲಿ ‘ಹಟ’ವೆಂಬುದು ಸಂಕಲ್ಪವನ್ನು ಸೂಚಿಸುತ್ತದೆ, ಮಗು ಬೇಕೆಂದೇ ಹೀಗೆ ಮಾಡುತ್ತಿದೆಯೆಂಬ ಊಹೆ ಅದರಲ್ಲಿ ಅಡಗಿದೆ. ವಾಸ್ತವದಲ್ಲಿ ಒಂದರಿಂದ ನಾಲ್ಕು ವರ್ಷದವರೆಗಿನ ಬಹುತೇಕ ಮಕ್ಕಳಲ್ಲಿ ರಚ್ಚೆ ಕಾಣಿಸುತ್ತದೆ. ಎರಡು ಮೂರರ ಪ್ರಾಯದಲ್ಲಿ ಅದು ಅಧಿಕ. ಈ ವಯಸ್ಸಿನ ಮಗು ತಾನು ನುಡಿಯಬಲ್ಲುದಕ್ಕಿಂತ ಬಹಳ ಹೆಚ್ಚನ್ನು ಗ್ರಹಿಸಬಲ್ಲದು. ಬಯಕೆ ಬೆಳೆದಿದೆ, ಅದನ್ನು ಹೇಳುವ ಮಾತು ಬೆಳೆದಿಲ್ಲ. ಆವೇಗವನ್ನು ತಡೆದು, ಕಾದು, ಪರಿಣಾಮವನ್ನು ತೂಗಿನೋಡುವ ಕಾರ್ಯ ಹಣೆಯ ಹಿಂದಿರುವ ಮಿದುಳಿನ ಭಾಗದ್ದು. ಅದು ಪೂರ್ಣವಾಗಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಎರಡು ವರ್ಷದ ಕೂಸಿನಿಂದ ಆ ಸಂಯಮವನ್ನು ಅಪೇಕ್ಷಿಸುವುದು ನಡೆಯಲು ಕಲಿಯುತ್ತಿರುವ ಮಗುವಿನಿಂದ ಬೆಟ್ಟ ಹತ್ತುವುದನ್ನು ಅಪೇಕ್ಷಿಸಿದಂತೆ.

ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಫ್ಲಾರೆನ್ಸ್ ಗುಡ್‌ಇನಫ್ ಎಂಬ ವಿದುಷಿ 45 ಮಕ್ಕಳ ತಾಯಂದಿರಿಂದ ದಿನಚರಿ ಬರೆಸಿ, ಕೋಪದ 1,878 ಪ್ರಸಂಗಗಳನ್ನು ಪರಿಶೀಲಿಸಿ, 1931ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಊಟದ ಹೊತ್ತು ಸಮೀಪಿಸಿದಾಗ, ನಿದ್ದೆಗೆಟ್ಟ ರಾತ್ರಿಯ ಮರುದಿನ, ದೇಹಸ್ಥಿತಿ ಸರಿಯಿಲ್ಲದಾಗ ರಚ್ಚೆ ಹೆಚ್ಚುವುದು ಅದರಲ್ಲಿ ಕಂಡುಬಂತು. 2003ರಲ್ಲಿ ಮೈಕೆಲ್ ಪೊಟೆಗಲ್ ಮತ್ತು ರಿಚರ್ಡ್ ಡೇವಿಡ್‌ಸನ್ ಪ್ರಕಟಿಸಿದ ಅಧ್ಯಯನ ಮತ್ತೊಂದು ವಿಷಯವನ್ನು ತೋರಿಸಿತು. ರಚ್ಚೆಯಲ್ಲಿ ಕೋಪ ಮತ್ತು ದುಃಖಗಳೆರಡೂ ಬೆರೆತಿರುತ್ತವೆ. ಚೀರಾಟ, ಒದೆತಗಳ ರೂಪದ ಕೋಪ ಬೇಗ ಏರಿ ಬೇಗ ಇಳಿಯುತ್ತದೆ, ಅಳುವಿನ ರೂಪದ ದುಃಖ ಉದ್ದಕ್ಕೂ ಇರುತ್ತದೆ. ಹೆಚ್ಚಿನವು ಐದು ನಿಮಿಷದೊಳಗೇ ಮುಗಿದಿದ್ದವು. ಒಂದು ಕ್ಷಣದ ಹಿಂದೆ ತಾಯಿಯನ್ನು ದೂಡಿದ ಮಗುವೇ ಕೊನೆಗೆ ಅವಳ ಸೆರಗನ್ನು ಹುಡುಕುವುದು ಇದರಿಂದಲೇ.

ಗೊಮ್ಮಟಸಾರದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಕ್ರೋಧದ ತರತಮಗಳನ್ನು ಕಲ್ಲಿನ ಗೆರೆ, ಭೂಮಿಯ ಗೆರೆ, ಧೂಳಿನ ಗೆರೆ, ನೀರಿನ ಗೆರೆಗಳಿಗೆ ಹೋಲಿಸಿದ್ದಾರೆ. ಅದು ಕಷಾಯದ ಉದಯವನ್ನು ಕುರಿತ ಸೂಕ್ಷ್ಮ ವಿಚಾರ. ಮಗುವಿನ ಹೊರಚೇಷ್ಟೆಯನ್ನು ನೋಡಿ ಅದರ ಒಳಗಿನ ಕಷಾಯವನ್ನು ಅಳೆಯುವುದು ಸಿದ್ಧಾಂತಕ್ಕೆ ಸಲ್ಲದು. ಆದರೆ ಆ ಉಪಮೆಯನ್ನು ಹಿರಿಯರು ತಮ್ಮೆಡೆಗೆ ತಿರುಗಿಸಿ ನೋಡಿಕೊಳ್ಳಬಹುದು. ಐದು ನಿಮಿಷದಲ್ಲಿ ಮಗು ಕಣ್ಣೀರೊರೆಸಿಕೊಂಡು ಆಟಕ್ಕೆ ತೆರಳಿರುತ್ತದೆ. ಮರ್ಯಾದೆ ಹೋಯಿತೆಂಬ ತಂದೆಯ ಸಿಟ್ಟು ಸಂಜೆಯವರೆಗೆ ಹೊಗೆಯಾಡುತ್ತಿರುತ್ತದೆ. ಯಾರ ಗೆರೆ ಹೆಚ್ಚು ಆಳವಾದದ್ದು? ವ್ರತಸ್ವೀಕಾರಕ್ಕೆ ಎಂಟು ವರ್ಷ ತುಂಬಿರಬೇಕೆಂದು, ಅಲ್ಲಿಯವರೆಗೆ ಮಗುವಿನ ಆಚಾರದ ಹೊಣೆ ತಾಯಿತಂದೆಯರದೆಂದು ಪರಂಪರೆ ಹೇಳುತ್ತದೆ. ಶಾಸ್ತ್ರವೇ ಕೇಳದ ಸಂಯಮವನ್ನು ಮನೆಯವರು ಶಿಶುವಿನಿಂದ ಕೇಳುವುದು ನ್ಯಾಯವಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಕಟ್ಟಿಹಾಕುವ ಬಂಧ, ಹೊಡೆಯುವ ವಧ, ಅಂಗಗಳನ್ನು ಕತ್ತರಿಸುವ ಛೇದ, ಮಿತಿಮೀರಿದ ಹೊರೆ ಹೊರಿಸುವ ಅತಿಭಾರಾರೋಪಣ, ಅನ್ನನೀರನ್ನು ತಡೆಯುವ ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಪ್ರಾಣ ತೆಗೆಯುವುದಲ್ಲ, ಕೋಲು ಚಾವಟಿಗಳಿಂದ ಹೊಡೆಯುವುದೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಸ್ಪಷ್ಟಪಡಿಸಿದ್ದಾರೆ. ಸಾಮಾನ್ಯವಾಗಿ ಈ ಸೂತ್ರವನ್ನು ಓದುವಾಗ ಗಾಡಿಯ ಎತ್ತು, ಕೊಟ್ಟಿಗೆಯ ಹಸು ನೆನಪಿಗೆ ಬರುತ್ತವೆ. ಮನೆಯ ಮಗುವನ್ನು ನೆನೆದು ಓದಿದರೆ ಅದೇ ಸೂತ್ರ ಬೇರೆಯಾಗಿ ಕೇಳಿಸುತ್ತದೆ. ಚೀರುವ ಮಗುವನ್ನು ಕತ್ತಲೆಕೋಣೆಗೆ ನೂಕಿ ಅಗುಳಿ ಹಾಕುವುದು ಬಂಧಕ್ಕೆ ಸಮೀಪ. ಬೆನ್ನಿಗೆ ಗುದ್ದುವುದು ವಧಕ್ಕೆ ಸಮೀಪ. ಸುಮ್ಮನಾಗುವವರೆಗೆ ಊಟವಿಲ್ಲವೆಂಬುದು ಅನ್ನಪಾನನಿರೋಧಕ್ಕೆ ಸಮೀಪ. ಅಂಗಛೇದ ಯಾವ ಮನೆಯಲ್ಲಿಯೂ ಇಲ್ಲ. ಆದರೆ ನೀನು ನಮ್ಮ ಮಗುವೇ ಅಲ್ಲ, ಗುಜರಿಯವನಿಗೆ ಕೊಟ್ಟುಬಿಡುತ್ತೇವೆ ಎಂಬ ಮಾತು ಎಳೆಯ ಮನಸ್ಸನ್ನು ಕತ್ತರಿಸದೆ ಬಿಡದು. ಹೆಚ್ಚು ಗಮನಕ್ಕೆ ಬಾರದಿರುವುದು ಅತಿಭಾರಾರೋಪಣ. ಹಸಿದ, ನಿದ್ದೆಗೆಟ್ಟ ಮಗುವನ್ನು ನಾಲ್ಕು ಗಂಟೆಯ ವಿಧಾನದಲ್ಲಿ ಅಲುಗಾಡದೆ ಕೂರಿಸುವುದು, ಮದುವೆಯ ಮನೆಯಲ್ಲಿ ನಡುರಾತ್ರಿಯವರೆಗೆ ಹೊತ್ತು ತಿರುಗುವುದು, ಇಬ್ಬನಿಯಷ್ಟು ಎಳೆಯ ತಾಳ್ಮೆಯ ಮೇಲೆ ಹಿರಿಯರ ಕಾರ್ಯಕ್ರಮದ ಹೊರೆ ಹೊರಿಸುವುದು ಇವೆಲ್ಲ ಅದೇ. ರಚ್ಚೆಯೆಂಬುದು ಎಷ್ಟೋ ಬಾರಿ ಆ ಹೊರೆಯನ್ನು ಕೆಳಗಿಳಿಸಲು ಮಗುವಿಗೆ ತಿಳಿದಿರುವ ಏಕಮಾತ್ರ ಉಪಾಯ.

ಮಗುವಿನ ಹಿತಕ್ಕಾಗಿಯೇ ಹೊಡೆಯುವುದಲ್ಲವೇ, ವೈದ್ಯನ ಕತ್ತಿ ಹಿಂಸೆಯಾಗದಂತೆ ಇದೂ ಹಿಂಸೆಯಾಗದು ಎಂಬ ವಾದವುಂಟು. ಇದನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಪ್ರಮಾದದಿಂದ ಕೂಡಿದ ಯೋಗವೇ ಹಿಂಸೆಯ ಲಕ್ಷಣವೆಂದು ಸೂತ್ರಕಾರರೇ ಹೇಳಿರುವುದರಿಂದ ಭಾವಕ್ಕೆ ಇಲ್ಲಿ ಪ್ರಾಧಾನ್ಯವಿದೆ. ಆದರೆ ಅದೇ ಅಳತೆಗೋಲು ಈ ವಾದದ ವಿರುದ್ಧ ನಿಲ್ಲುತ್ತದೆ. ವೈದ್ಯನು ಕತ್ತಿಯನ್ನು ಕೋಪದಲ್ಲಿ ಎತ್ತುವುದಿಲ್ಲ. ಒಂದು ಗಂಟೆ ಕಳೆದು ಮನಸ್ಸು ತಿಳಿಯಾದ ಮೇಲೆ ಅದೇ ಪೆಟ್ಟನ್ನು ಕೊಡಲು ಎಷ್ಟು ತಂದೆಯರ ಕೈ ಏಳುತ್ತದೆ? ಏಳದಿದ್ದರೆ ಅದನ್ನು ಎತ್ತಿದ್ದು ಹಿತಚಿಂತನೆಯಲ್ಲ, ಕಷಾಯ. ಕಷಾಯವಶನಾದವನು ಪರರಿಗಿಂತ ಮೊದಲು ತನ್ನ ಆತ್ಮವನ್ನೇ ಘಾತಿಸುತ್ತಾನೆಂದು ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತಿಳಿಸಿದ್ದಾರೆ. ಫಲದ ದೃಷ್ಟಿಯಿಂದಲೂ ಪೆಟ್ಟಿನ ಪರವಾಗಿ ಹೇಳುವಂಥದ್ದೇನೂ ಇಲ್ಲ. 1,60,000ಕ್ಕೂ ಅಧಿಕ ಮಕ್ಕಳನ್ನೊಳಗೊಂಡ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2016ರಲ್ಲಿ ಪ್ರಕಟವಾದ ವರದಿ, ಪೆಟ್ಟು ತಿನ್ನುವ ಮಕ್ಕಳಲ್ಲಿ ಆಕ್ರಮಣಶೀಲತೆ ಅಧಿಕವೆಂಬುದನ್ನು ತೋರಿಸಿತು. ಭಾರತದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ವಿಧಿ ಶಾಲೆಯಲ್ಲಿ ದೈಹಿಕ ದಂಡನೆಯನ್ನು ನಿಷೇಧಿಸಿದೆ. ಶಾಲೆಯ ಗುರುವಿಗೆ ಸಲ್ಲದ್ದು ಮನೆಯ ಗುರುವಿಗೆ ಸಲ್ಲುವುದೆಂದು ಅಹಿಂಸೆಯನ್ನು ಪರಮಧರ್ಮವೆನ್ನುವವರು ಹೇಳಲಾರರು.

ಹಾಗೆಂದು ಕೇಳಿದ್ದನ್ನೆಲ್ಲ ಕೊಟ್ಟುಬಿಡುವುದು ಅಹಿಂಸೆಯಲ್ಲ. ಅದು ಹಿರಿಯರು ತಮ್ಮ ನೆಮ್ಮದಿಗೆ ಕೊಡುವ ಬೆಲೆ. 1959ರಲ್ಲಿ ಸಿ. ಡಿ. ವಿಲಿಯಮ್ಸ್ ಎಂಬ ಮನಶ್ಶಾಸ್ತ್ರಜ್ಞ ದಾಖಲಿಸಿದ ಪ್ರಸಂಗ ಈ ವಿಷಯದಲ್ಲಿ ಬೋಧಪ್ರದ. 21 ತಿಂಗಳ ಮಗುವೊಂದು ಹಿಂದೆ ದೀರ್ಘಕಾಲ ಅಸ್ವಸ್ಥವಾಗಿದ್ದು, ಗುಣವಾದ ಮೇಲೂ ಮಲಗುವ ಹೊತ್ತಿಗೆ ಹಿರಿಯರು ಕೋಣೆ ಬಿಟ್ಟರೆ ಚೀರುತ್ತಿತ್ತು. ಹಿರಿಯರು ಮರಳದಿರಲು ನಿಶ್ಚಯಿಸಿದಾಗ ಮೊದಲ ರಾತ್ರಿ 45 ನಿಮಿಷ ಅತ್ತ ಮಗು ಹತ್ತನೆಯ ಬಾರಿಗೆ ಅಳುವುದನ್ನೇ ಬಿಟ್ಟಿತ್ತು. ಸುಮಾರು ವಾರದ ಬಳಿಕ ಮನೆಯ ಚಿಕ್ಕಮ್ಮ ಒಮ್ಮೆ ಅಳು ಕೇಳಿ ಕೋಣೆಗೆ ಮರಳಿದ್ದರಿಂದ ಚೀರಾಟ ಮತ್ತೆ ತಲೆಯೆತ್ತಿ, ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಯಿತು. ಮಗುವನ್ನು ಅಷ್ಟು ಹೊತ್ತು ಒಂಟಿಯಾಗಿ ಅಳಲು ಬಿಡಬೇಕೆಂಬುದು ಇದರ ಸಾರವಲ್ಲ. ಹಲವು ಹಿರಿಯರಿರುವ ಮನೆಯಲ್ಲಿ ಎಲ್ಲರ ಮಾತೂ ಒಂದಾಗಿರಬೇಕೆಂಬುದು ಸಾರ. ತಾಯಿ ನಿರಾಕರಿಸಿದ ಮಿಠಾಯಿಯನ್ನು ಅಜ್ಜ ಹಿತ್ತಿಲಲ್ಲಿ ಕೊಟ್ಟರೆ, ಚೀರಿದರೆ ಸಿಗುತ್ತದೆಂಬ ಪಾಠವನ್ನು ಮಗು ಕಲಿಯುವುದು ಹಿರಿಯರಿಂದಲೇ.

ಹಾಗಾದರೆ ಮಾಡಬೇಕಾದುದೇನು? ವಸ್ತುವನ್ನು ಕೊಡದಿರಬಹುದು, ಸಾನ್ನಿಧ್ಯವನ್ನು ಕೊಡದಿರಬಾರದು. ಒಂದು ಪಂಚನಮಸ್ಕಾರ ಮಂತ್ರಕ್ಕೆ ಮೂರು ಉಸಿರು ಎಂಬುದು ಕಾಯೋತ್ಸರ್ಗದ ಲೆಕ್ಕ. ಮಗು ಚೀರತೊಡಗಿದಾಗ ಹಿರಿಯರು ಮೊದಲು ಆ ಮೂರು ಉಸಿರುಗಳನ್ನು ತೆಗೆದುಕೊಳ್ಳಲಿ. ಎದ್ದ ಕೈ ಇಳಿಯಲು ಅಷ್ಟು ಸಾಕು. ಬಳಿಕ ನೆಲಕ್ಕೆ ಕುಳಿತು, ಕಣ್ಣಿಗೆ ಕಣ್ಣು ಸಮನಾಗಿಸಿ, ಮೆಲುದನಿಯಲ್ಲಿ ಒಂದೆರಡು ಮಾತು: ಕಲಶ ಬೇಕಿತ್ತು, ಸಿಗಲಿಲ್ಲ, ಅದಕ್ಕೆ ಸಿಟ್ಟು ಬಂದಿದೆ. ಮಗುವಿನ ಬಳಿಯಿಲ್ಲದ ಮಾತನ್ನು ಹಿರಿಯರು ಎರವಲು ಕೊಡುವ ರೀತಿಯಿದು. ಕೋಪದ ಏರಿನಲ್ಲಿ ಉಪದೇಶ ಹಿಡಿಸದು. ದೀರ್ಘ ವಿವರಣೆಯೂ ಮೇಲಿಂದ ಮೇಲೆ ಪ್ರಶ್ನೆಯೂ ಬೆಂಕಿಗೆ ಗಾಳಿ. ತಲೆ ಚಚ್ಚಿಕೊಂಡರೆ, ಪರರಿಗೆ ಹೊಡೆದರೆ ಮೃದುವಾಗಿ ಹಿಡಿದು ತಡೆಯಬೇಕು. ದನಿ ಅಳುವಿಗೆ ತಿರುಗಿದಾಗ ಎತ್ತಿಕೊಳ್ಳಬೇಕು. ರಚ್ಚೆ ಕಳೆದ ಮೇಲೆ ಅದನ್ನೇ ಎತ್ತಿ ಆಡಿ, ಬಂದವರೆದುರು ನಗೆಪಾಟಲು ಮಾಡಬಾರದು. ಮುಂಜಾಗ್ರತೆ ಇವೆಲ್ಲಕ್ಕಿಂತ ಮೇಲು: ಹೊತ್ತಿಗೆ ಸರಿಯಾದ ಊಟ ಮತ್ತು ನಿದ್ದೆ, ಆಟ ನಿಲ್ಲಿಸುವ ಮೊದಲು ಒಂದು ಮುನ್ಸೂಚನೆ, ಕೆಂಪು ಅಂಗಿಯೋ ಹಸಿರು ಅಂಗಿಯೋ ಎಂಬ ಚಿಕ್ಕ ಆಯ್ಕೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಯವರಿಗೆ ಹೊತ್ತಿನ ಶಿಸ್ತು ಹೊಸದೇನಲ್ಲ.

ಇಂದು ಸುಲಭೋಪಾಯವೊಂದು ಎಲ್ಲರ ಜೇಬಿನಲ್ಲಿದೆ. ಮೊಬೈಲ್ ಕೈಗಿತ್ತೊಡನೆ ಮಗು ಸುಮ್ಮನಾಗುತ್ತದೆ. ಆದರೆ ತಾನೇ ಶಾಂತವಾಗುವುದನ್ನು ಕಲಿಯುವುದಿಲ್ಲ. ಒಂದು ವರ್ಷದೊಳಗಿನ ಶಿಶುಗಳಿಗೆ ಪರದೆ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ವೈದ್ಯರ ನೆರವು ಬೇಕಾಗುವ ಸಂದರ್ಭಗಳೂ ಉಂಟು. ಅಳುತ್ತ ಉಸಿರು ಕಟ್ಟಿ ನೀಲಿಗಟ್ಟುವ ಮಕ್ಕಳಲ್ಲಿ ಕೆಲವರಿಗೆ ಕಬ್ಬಿಣಾಂಶದ ಕೊರತೆಯಿರುತ್ತದೆ, ಅದನ್ನು ನೀಗಿಸಿದರೆ ಈ ತೊಂದರೆ ತಗ್ಗುತ್ತದೆ. ಎರಡು ವರ್ಷವಾದರೂ ಮಾತು ಬಾರದಿದ್ದರೆ, ಕರೆದರೆ ತಿರುಗಿ ನೋಡದಿದ್ದರೆ, ತನಗೇ ಪದೇ ಪದೇ ಗಾಯ ಮಾಡಿಕೊಳ್ಳುತ್ತಿದ್ದರೆ, ಐದು ವರ್ಷ ಕಳೆದರೂ ರಚ್ಚೆ ತಗ್ಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಲು ತಡ ಮಾಡಬಾರದು. ದೃಷ್ಟಿ ತೆಗೆಯುವುದರಲ್ಲಿಯೇ ಕಾಲ ಕಳೆಯಬಾರದು.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಕರ್ತವ್ಯವಿದೆ. ಮಗುವಿನೊಡನೆ ಬಂದವರು ಎದ್ದುಹೋಗಲು ಅನುಕೂಲವಾಗುವಂತೆ ಬಾಗಿಲ ಬಳಿ ಸ್ಥಳ, ಪ್ರಾಂಗಣದಲ್ಲಿ ಒಂದಷ್ಟು ನೆರಳು, ಕುಡಿಯುವ ನೀರು, ಎಳೆಯರಿಗೆ ಮೊದಲು ಊಟ — ಇವುಗಳಿಗೆ ಹೆಚ್ಚು ಹಣ ಬೇಡ. ಹೊರಳಿ ನೋಡಿದ ಮುಖಗಳಲ್ಲಿ ಒಂದಾದರೂ ಎದ್ದುಬಂದು, ಮಗುವನ್ನು ಇತ್ತ ಕೊಡಮ್ಮ, ನೀನು ಪೂಜೆ ನೋಡು ಎಂದಿದ್ದರೆ ಕಂಬದ ಮರೆಯ ಆ ಪೆಟ್ಟು ಬೀಳುತ್ತಿರಲಿಲ್ಲ.

ಇಷ್ಟೆಲ್ಲ ತಿಳಿದವರ ಕೈಯೂ ಒಮ್ಮೊಮ್ಮೆ ಏಳುತ್ತದೆ. ದಣಿದ ದೇಹ, ಕೆಲಸದ ಒತ್ತಡ, ನಿದ್ದೆಯಿಲ್ಲದ ರಾತ್ರಿಗಳು ಯಾವ ತಾಯಿಯನ್ನೂ ಬಿಟ್ಟಿಲ್ಲ. ಅತಿಚಾರವಾದಾಗ ವ್ರತ ಮುರಿಯಿತೆಂದು ಕೈಚೆಲ್ಲುವುದು ಶ್ರಾವಕನ ಮಾರ್ಗವಲ್ಲ, ಪ್ರತಿಕ್ರಮಣವೇ ಮಾರ್ಗ. ದಶಲಕ್ಷಣ ಪರ್ವದ ಬಳಿಕ ಕ್ಷಮಾವಣಿಯಂದು ಹಿರಿಯರು ಬಂಧುಗಳಲ್ಲಿ, ನೆರೆಯವರಲ್ಲಿ, ಸಕಲ ಜೀವರಾಶಿಯಲ್ಲಿ ಕ್ಷಮೆ ಯಾಚಿಸುತ್ತಾರೆ. ಹೊಡೆದ ಮಗುವಿನ ಮುಂದೆ ಕುಳಿತು, ನನ್ನಿಂದ ತಪ್ಪಾಯಿತು ಕಂದಾ ಎಂದವರು ವಿರಳ. ಮಗುವಿಗೆ ಆ ಮಾತಿನ ಅರ್ಥ ಪೂರ್ತಿ ತಿಳಿಯದಿರಬಹುದು. ಆದರೆ ಸಿಟ್ಟು ಬಂದವರು ಮರಳಿ ಶಾಂತರಾಗುವುದು ಹೇಗೆಂಬುದನ್ನು ಅದು ಅಂದು ಮೊದಲ ಬಾರಿಗೆ ಕಣ್ಣಾರೆ ಕಾಣುತ್ತದೆ.